ಬೂದಿಗುಂಡಿಯ ಸಿಪಾಯಿ

ನನ್ನನ್ನು 'ಕಮಾಂಡರ್' ಎಂದು ಕರೆಯುವ ಜೀವ ಈ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದಕ್ಕೆ ಜೀವವೇ ಇರಲಿಲ್ಲ ಎನ್ನುವುದು ಬೇರೆ ಮಾತು. ಯಂತ್ರಗಳ ಯುದ್ಧದಲ್ಲಿ ತಾನೇ ನೋಡಿ, ತಾನೇ ಗುರಿಯಿಟ್ಟು, ತಾನೇ ಸುಡುತ್ತಿದ್ದ ಗಡಿಕಾವಲಿನ ಬಂದೂಕೊಂದರ ತಲೆ ಅದು. ಗುಂಡು ಹಾರಿಸುವ ನಳಿಕೆ ಮುರಿದುಹೋಗಿ, ಕುಂಬಳಕಾಯಿ ಗಾತ್ರದ ಬುರುಡೆ, ಒಂದು ಕೆಂಪು ಕಣ್ಣು, ಒಂದು ಗಂಟಲು ಮಾತ್ರ ಉಳಿದಿತ್ತು. ದ್ರಾಕ್ಷಿತೋಟ ಅಗೆಯುವಾಗ ಸಿಕ್ಕಿತು.

ಯುದ್ಧ ಮುಗಿದ ಮೇಲಿನ ಕಾನೂನಿನಂತೆ ಯೋಚಿಸುವ ಯಂತ್ರ ಮನೆಯಲ್ಲಿಟ್ಟರೆ ಯಂತ್ರಕ್ಕೆ ಕುಲುಮೆ, ಯಜಮಾನನಿಗೆ ಮೂರು ವರ್ಷ ಗಣಿತಶಾಲೆ (ಬಲ್ಗೇರಿಯಾದ ಅಷ್ಟೂ ರೈಲುಗಳ ವೇಳೆಯನ್ನು ಅಲ್ಲಿ ಕೈದಿಗಳೇ ಪೆನ್ಸಿಲಿನಲ್ಲಿ ಗುಣಿಸಿ ಕೂಡಬೇಕು). ಆದರೂ ತಂದು ಒಲೆಯ ಕೆಳಗಿನ ಬೂದಿಗುಂಡಿಯಲ್ಲಿ ಬಚ್ಚಿಟ್ಟೆ. ಫಿರಂಗಿ ಕಂಡವನಿಗೆ ಬೂದಿಯ ಬಿಸಿ ಯಾವ ಲೆಕ್ಕ! ನನ್ನ ಧರ್ಮಪತ್ನಿ ಝಿವ್ಕಾ ಭಾನುವಾರ ಚರ್ಚಿಗೆ ಹೋದಾಗ ಅದನ್ನು ಹೊರತೆಗೆದು ಪಗಡೆ ಆಡುತ್ತಿದ್ದೆ. ಅದರ ಪಾಲಿನ ದಾಳವನ್ನೂ ನಾನೇ ಹಾಕುತ್ತಿದ್ದೆ. "ಭಲೇ ಕಮಾಂಡರ್!" ಎನ್ನುತ್ತಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ಬೇರೆ ಯಾರೂ ಭಲೇ ಅಂದಿಲ್ಲ.

ಬಂತು ಸಂತ ಇಗ್ನಾತನ ಹಬ್ಬ. ನನ್ನ ಹೆಸರಿನದೇ ಹಬ್ಬ, ನನಗೇ ಗಂಡಾಂತರ. ಆ ದಿನ ಹೊಸ್ತಿಲು ದಾಟುವ ಮೊದಲ ಅತಿಥಿಯ ಕಾಲ್ಗುಣವೇ ಮನೆಗೆ ವರ್ಷವಿಡೀ. ಆ ಅತಿಥಿ ಒಲೆ ಕೆದಕಿ ಹರಸಲೇಬೇಕು. ಝಿವ್ಕಾ ಎಂದಿನಂತೆ ಪಕ್ಕದ ಮನೆಯ ಸ್ತೋಯ್ನಾ ಚಿಕ್ಕಮ್ಮನಿಗೆ ಹೇಳಿದ್ದಳು. ಆ ಮಹಾತಾಯಿ ಕೆದಕಲು ನಿಂತರೆ ಬೂದಿಯ ತಳ ಕಾಣುವವರೆಗೂ ಬಿಡುವವಳಲ್ಲ. ಆಗ ನನಗೆ ಜ್ಞಾನೋದಯವಾಯಿತು. ಬೆಳಗ್ಗೆಯೇ ಬೇಲಿಯ ಹತ್ತಿರ ಹೋಗಿ, "ಚಿಕ್ಕಮ್ಮಾ, ಝಿವ್ಕಾಗೆ ಮೈಯೆಲ್ಲ ಗುಳ್ಳೆ ಎದ್ದಿದೆ, ಬರಬೇಡಿ" ಅಂದುಬಿಟ್ಟೆ.

ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದು. ನೋಡಿದರೆ ನಿಷಿದ್ಧ ಯಂತ್ರ ಇಲಾಖೆಯ ಇನ್‌ಸ್ಪೆಕ್ಟರ್ ಪಾಂತಲೇ! ನಮ್ಮ ಗೋಡೆ ಗಡಿಯಾರ ಯೋಚಿಸುವುದಿಲ್ಲ ಎಂದು ವಾರ್ಷಿಕ ಮುದ್ರೆ ಒತ್ತಲು ಬಂದಿದ್ದ.

"ಒಳಗೆ ಬರಲ್ಲ ತಾಯಿ, ಗಡಿಯಾರ ಇಲ್ಲಿಗೇ ತನ್ನಿ."

"ಹಬ್ಬದ ದಿನ ಹೊಸ್ತಿಲಿಂದ ವಾಪಸ್ ಹೋಗ್ತೀರಾ ಅಣ್ಣಾ? ಚಿಕ್ಕಮ್ಮ ಯಾಕೋ ಬರಲೇ ಇಲ್ಲ. ನೀವೇ ನಮ್ಮ ಮೊದಲ ಅತಿಥಿ. ಬನ್ನಿ, ಒಲೆ ಕೆದಕಿ!"

"ಸಾಹೇಬ್ರಿಗೆ ಸಾವಿರ ಕೆಲಸ ಇರುತ್ತೆ ಕಣೇ," ಅಂದೆ.

"ನೀವು ಸುಮ್ನಿರ್ರೀ! ಹೋದ ವರ್ಷ ನೀವು ಮಧ್ಯೆ ಬಾಯಿ ಹಾಕಿದ್ದಕ್ಕೇ ಹಂದಿ ಸತ್ತಿದ್ದು."

ಪಾಂತಲೇ ಕಬ್ಬಿಣದ ಕೋಲು ಹಿಡಿದು, "ಎಷ್ಟು ಕಿಡಿಯೋ ಅಷ್ಟು ಕುರಿಮರಿ, ಎಷ್ಟು ಕಿಡಿಯೋ ಅಷ್ಟು ಕೋಳಿಮರಿ" ಎಂದು ಭಕ್ತಿಯಿಂದ ಕೆದಕಿದ. ಕೋಲು ಜಾರಿ ಬೂದಿಗುಂಡಿಗೆ ಇಳಿಯಿತು. ಠಣ್!

"ನಿಲ್ಲು! ಯಾರದು?" ಎಂದಿತು ಒಲೆ.

ಝಿವ್ಕಾ ಒಲೆಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. (ಅಪರಾಧ ಯಾವುದೇ ಇರಲಿ, ಅವಳ ಕಣ್ಣು ಮೊದಲು ಬೀಳುವುದು ನನ್ನ ಮೇಲೇ.) ಪಾಂತಲೇ ಇಕ್ಕಳದಲ್ಲಿ ಬುರುಡೆ ಎತ್ತಿ ಮೇಜಿನ ಮೇಲಿಟ್ಟ.

"ಕಾನೂನಿನ ಪ್ರಕಾರ ಒಂದೇ ಪ್ರಶ್ನೆ. ತಾನೇ ಯೋಚಿಸಿ ಉತ್ತರ ಕೊಟ್ಟರೆ ಕುಲುಮೆಗೆ. ಏ ಬುರುಡೆ, ನಿನಗೆ ಅಪ್ಪಣೆ ಕೊಡೋರು ಯಾರು?"

ಕೆಂಪು ಕಣ್ಣು ನನ್ನ ಕಡೆ ತಿರುಗಿತು. ದೇವರೇ, ಕಮಾಂಡರ್ ಅನ್ನದಿರಲಿ ಎಂದು ಬೇಡಿಕೊಂಡೆ. ಆದರೂ ಮನಸ್ಸಿನ ಮೂಲೆಯಲ್ಲಿ, ಮೂರು ವರ್ಷ ಗುಣಾಕಾರ ಮಾಡಿದರೂ ಚಿಂತೆಯಿಲ್ಲ, ಝಿವ್ಕಾಳ ಎದುರು ಒಂದೇ ಒಂದು ಸಲ ಅಂದುಬಿಡಲಿ ಎಂಬ ಆಸೆಯೂ ಇತ್ತು.

"ಝಿವ್ಕಾ ಅಮ್ಮನವರು," ಎಂದಿತು. "ಇವರಿಗೂ ಅವರೇ."

ಪಾಂತಲೇ ಹೊಟ್ಟೆ ಹಿಡಿದು ನಕ್ಕ. "ಇದನ್ನ ಹೇಳೋಕೆ ಯೋಚನೆ ಬೇರೆ ಬೇಕಾ? ಬಾಗಿಲಲ್ಲಿ ನಿಂತಾಗಲೇ ನನಗೂ ಗೊತ್ತಾಯ್ತು!" ಬುರುಡೆಯ ಹಣೆಗೆ 'ಯೋಚಿಸುವುದಿಲ್ಲ' ಎಂದು ಮುದ್ರೆ ಒತ್ತಿ, ರೊಟ್ಟಿ, ಅಕ್ರೋಟು ತಿಂದು ಹೊರಟ.

ಈಗ ಅದು ಅಡುಗೆಮನೆಯ ಕಪಾಟಿನ ಮೇಲೆ ಕೂತು, ಹಾಲು ಉಕ್ಕಿದರೆ ಝಿವ್ಕಾಳನ್ನು ಕೂಗುತ್ತದೆ. ಕಳೆದ ಭಾನುವಾರ ಅವಳಿಲ್ಲದಾಗ ಹತ್ತಿರ ಹೋಗಿ ಪಿಸುಗುಟ್ಟಿದೆ: "ನನ್ನನ್ನ ಉಳಿಸೋಕೆ ತಾನೇ ಅವತ್ತು ಸುಳ್ಳು ಹೇಳಿದ್ದು?"

ಅದು ಹಾಲಿನ ಪಾತ್ರೆಯಿಂದ ಕಣ್ಣು ಕೀಳದೆ ಹೇಳಿತು:

"ಸುಳ್ಳು ಹೇಳೋಕೆ ಯೋಚನೆ ಮಾಡಬೇಕು, ಇಗ್ನಾತ್. ನಾನು ಮಾಡಲ್ಲ ಅಂತ ಮುದ್ರೆ ಬಿದ್ದಿದೆ."