ಮಾವನ ತೋಪಡ, ನಮ್ಮ ಕಿಟಕಿ

ನಮ್ಮ ಸೋದರಮಾವನಿಗೆ ನೆಂಟರಿಗಿಂತ ನೆಂಟರ ಮನೆಯ ಕಿಟಕಿಗಳ ಮೇಲೆ ಅಕ್ಕರೆ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ಬಂದ ಈ ಮಹಾನುಭಾವ ನನ್ನ ಮಂಚ ದಾಟಿ ಸೀದಾ ಹೋಗಿ ಕಿಟಕಿಯ ಬಾಗಿಲು ಅಲ್ಲಾಡಿಸಿದ. "ಕಿಟ್ಕಿ ಹೆಂಗೈತ್ಲಾ?"

"ಮಾವ, ನನ್ನ ಕಾಲು ಮುರಿದಿದೆ!"

"ಅದು ತಾನೇ ಸರಿಹೋಯ್ತದೆ ಬುಡು. ಕಿಟ್ಕಿ ತಾನೇ ಸರಿಹೋಯ್ತದಾ?"

ವಿರೂಪಾಕ್ಷಿಪುರದ ಹತ್ತಿರ ಅವನಿಗೆ ರಾಗಿ ಹೊಲ, ಒಂದಷ್ಟು ತೆಂಗು ಇವೆ. ಆದರೆ ಕೈ ಮಾತ್ರ ಮರಗೆಲಸದ್ದು. ಹೊಲದಲ್ಲಿ ಹಲಸೋ ಬೇವೋ ಉರುಳಿದರೆ ಸಾಕು, ನೆಂಟರಲ್ಲಿ ಯಾರಿಗೋ ಕಿಟಕಿ ಗ್ಯಾರಂಟಿ! ಮದುವೆಗೆ ಎಲ್ಲರೂ ಪಾತ್ರೆ ಕೊಟ್ಟರೆ ಇವನು ಕಿಟಕಿ ಕೊಡುತ್ತಿದ್ದ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಬಿಗಿಯುತ್ತದಲ್ಲ, ಆಗ ಮರ ಕೀಸುವ ತೋಪಡವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಚನ್ನಪಟ್ಟಣ, ರಾಮನಗರ, ಆಮೇಲೆ ಬಸ್ಸು ಬದಲಿಸಿ ಮಾಗಡಿಯ ನಮ್ಮ ಮನೆ. ಪ್ರತಿ ಮನೆಯಲ್ಲೂ ಕಿಟಕಿ ಕೀಸಿ, ಹೊಟ್ಟನ್ನು ಮೂಸಿ, ಅದನ್ನೇ ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿ, ಸ್ನಾನ ಮಾಡಿ, ಮುದ್ದೆ ಉಂಡು ಎರಡು ದಿನ ಇದ್ದು ಹೋಗುವುದು ಪದ್ಧತಿ. ಹದಿನೇಳು ಮನೆ! ಆ ತಿಂಗಳಿಡೀ ಅತ್ತೆಯೇ ಹೊಲ ನೋಡಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಬಿಡದಿ ಕಡೆಯಿಂದ ಫ್ಯಾಕ್ಟರಿಗಳು ಸಾಲಾಗಿ ಎದ್ದವು. ಹಿಂದೆಯೇ ಪ್ಲಾಸ್ಟಿಕ್ ಕಿಟಕಿ ಬಂತು. ಬೆಳ್ಳಗಿದೆ, ಗೆದ್ದಲು ಹಿಡಿಯುವುದಿಲ್ಲ, ಉಬ್ಬುವುದಿಲ್ಲ, ಬಣ್ಣ ಬೇಡ. ಏನು ತಪ್ಪು ಹುಡುಕುತ್ತೀರಿ?

ಮೊದಲು ಹಾಕಿಸಿದವಳು ರಾಮನಗರದ ನಮ್ಮ ಚಿಕ್ಕಮ್ಮನ ಮಗಳು. ಆ ಮಳೆಗಾಲದಲ್ಲೂ ಮಾವ ಹೋದ. ಹೊಸದಾದ್ದರಿಂದ ಬಿಗಿಯಾಗಿದ್ದ ಒಂದು ಪ್ಲಾಸ್ಟಿಕ್ ಕಿಟಕಿ ಬಾಗಿಲನ್ನು ಅವಳು ನೋಡನೋಡುತ್ತಿದ್ದಂತೆಯೇ ಕೀಸಿಬಿಟ್ಟ! ಉದುರಿದ ಬಿಳಿ ಸುರುಳಿಯನ್ನು ಮೂಸಿ, "ಥೂ, ವಾಸ್ನೇನೇ ಇಲ್ವಲ್ಲೇ" ಎಂದು ಪದ್ಧತಿಯಂತೆ ಬಚ್ಚಲೊಲೆಗೆ ತುಂಬಿದ. ವಾಸನೆ ಆಗ ಬಂತು ನೋಡಿ! ಮನೆಮಂದಿಯೆಲ್ಲ ಕೆಮ್ಮುತ್ತಾ ಬೀದಿಗೆ ಓಡಿದರು, ತಲೆಗೆ ಸೀಗೆಪುಡಿ ಮೆತ್ತಿಕೊಂಡಿದ್ದ ಅವಳ ಗಂಡನೂ ಸೇರಿ.

ವರ್ಷ ವರ್ಷ ಮನೆಗಳು ಕಡಿಮೆಯಾದವು. ಹನ್ನೊಂದು, ಆರು, ಎರಡು. ಬೇಡವೆಂದು ಯಾರೂ ಹೇಳಲಿಲ್ಲ, ಕೆಲಸವೇ ಇರಲಿಲ್ಲ ಅಷ್ಟೆ. ಕೊನೆಗೆ ಉಳಿದದ್ದು ನಮ್ಮ ಮನೆ.

ನಾನೇನು ದೊಡ್ಡ ಮನುಷ್ಯನೇ? ನಾನೂ ಪ್ಲಾಸ್ಟಿಕ್ ಹಾಕಿಸಿದೆ. ಮಳೆಯಲ್ಲಿ ಕಿಟಕಿ ಮುಚ್ಚಲು ಗಂಡಹೆಂಡತಿ ಇಬ್ಬರೂ ಭುಜ ಕೊಟ್ಟು ಸಾಕಾಗಿತ್ತು. ಅಡುಗೆಮನೆಯದ್ದೊಂದು ಮಾತ್ರ ಉಳಿಯಿತು, ಅದೂ ನನ್ನ ಪುಣ್ಯದಿಂದಲ್ಲ. ಅಳತೆ ತಪ್ಪಾಗಿ ಹೊಸದು ಕೂರಲಿಲ್ಲ. ನಾಳೆ ತರುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ.

ಆ ಸಲ ಮಾವ ಬಂದವನೇ ಬೀದಿಯಿಂದಲೇ ಬಿಳಿ ಕಿಟಕಿಗಳನ್ನು ನೋಡಿದ. ಒಳಗೆ ಬರದೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲೇ ಕೂತ. ಬಯ್ಯಲೂ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಇನ್ಮ್ಯಾಕೆ ನಾನ್ ಎಲ್ಗೆ ಹೋಗ್ಲಿ ಏಳ್ಲಾ?"

"ಸುಮ್ಮನೆ ಬಾ ಮಾವ."

"ಸುಮ್ಕೆ ಬರಕ್ಕೆ ನಾನೇನ್ ನೆಂಟನಾ?"

ನನಗೆ ನಾಚಿಕೆಯಾಯಿತು. ಹದಿನೇಳು ಮನೆ ಸುತ್ತಿ ಬರುತ್ತಿದ್ದ ಮನುಷ್ಯನ ದಾರಿಯನ್ನು ನಾವೆಲ್ಲ ಸೇರಿ ಮುಚ್ಚಿದ್ದೆವು. ಅಷ್ಟರಲ್ಲಿ ನನ್ನ ಹೆಂಡತಿ ಬಾಗಿಲಿಗೆ ಬಂದು, "ಮಾವ, ಅಡುಗೆಮನೆ ಕಿಟಕಿ ಬಿಗೀತಾ ಇದೆ" ಎಂದಳು. ಅವನು ಚಪ್ಪಲಿ ಸಮೇತ ಒಳಗೆ ನುಗ್ಗಿದ.

ಈಗ ಆ ಕಿಟಕಿಯೂ ಬಿಗಿಯುವುದಿಲ್ಲ. ಹಿತ್ತಲ ಕಡೆಗೆ ತಗಡಿನ ಶೀಟು ಇಳಿಸಿದ ಮೇಲೆ ಅದಕ್ಕೆ ಮಳೆಯೇ ತಾಗುವುದಿಲ್ಲ. ಅದಕ್ಕೇ ಮಾವ ಬರುವ ಎರಡು ದಿನ ಮುಂಚೆ ಗೋಣಿಚೀಲ ನೆನೆಸಿ ಬಾಗಿಲಿಗೆ ಸುತ್ತುತ್ತೇನೆ. ಮರ ಉಬ್ಬುತ್ತದೆ. ಅವನು ಬರುತ್ತಾನೆ, "ಏನ್ ಮಳೆನಪ್ಪಾ ಈ ಸಲ!" ಎನ್ನುತ್ತಾ ಕೀಸುತ್ತಾನೆ, ಹೊಟ್ಟು ಮೂಸಿ ನೀರು ಕಾಯಿಸುತ್ತಾನೆ. ಹೇಗೆ ಯಾಮಾರಿಸಿದೆವು ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತೇವೆ.

ಹೋದ ಸಲ ಬಸ್ಸು ಹತ್ತಿಸಲು ಹೋಗಿದ್ದೆ. ಮಾವ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಹೊರಗೆ ಹಾಕಿದ.

"ಲೇ, ಗೋಣಿಚೀಲ ಒಸಿ ಕಮ್ಮಿ ನೆನ್ಸ್ಲಾ. ಮರ ಕೊಳ್ತೋದ್ರೆ ನಾನ್ ಎಲ್ಗೆ ಬರ್ಲಿ?"