ಚೇಟನ ಕ್ಯಾಸೆಟ್ ಅಂಗಡಿಯ ವಿಚಿತ್ರ ವಾರಗಳು

ಗೂಡಲೂರಿನಿಂದ ಊಟಿಗೆ ಹಾರುವ ತಟ್ಟೆಯಲ್ಲಿ ಕೂತು ಹೋಗಿಬಂದ ಮೊದಲ ಮನುಷ್ಯ ನಾನು. ಹೋಗುವಾಗ ಮನೆಯಲ್ಲಿ ಬಿಟ್ಟಿದ್ದ ಕಾಫಿ, ಬಂದಾಗ ಇನ್ನೂ ಬಿಸಿಯಾಗಿತ್ತು.

ಸುಳ್ಳು. ಬಸ್ಸಿನಲ್ಲಿ ಹೋಗಿದ್ದೆ. ನಡುವಟ್ಟದ ತಿರುವು ಮುಗಿಯುವವರೆಗೂ ತಲೆ ಕಿಟಕಿಯ ಹೊರಗೇ ಇತ್ತು. ಅವತ್ತು ಹಿಂದಿನ ಸೀಟಿನಲ್ಲಿದ್ದವರು ಈಗಲೂ ನನ್ನನ್ನು ಕಂಡರೆ ಕಿಟಕಿ ಎಳೆದುಕೊಳ್ಳುತ್ತಾರೆ.

ಆದರೆ ಇನ್ನು ಹೇಳುವುದೆಲ್ಲ ನಡೆದದ್ದು. ನಡೆಯದೇ ಇದ್ದದ್ದನ್ನೂ ನಡೆದ ಹಾಗೇ ಹೇಳುತ್ತೇನೆ, ವ್ಯತ್ಯಾಸ ನಿಮಗೆ ಗೊತ್ತಾಗುವುದಿಲ್ಲ. ಕೆಲವರ ಮನೆಗೆ ನೆಂಟರು ತಪ್ಪದೆ ಬರುತ್ತಾರಲ್ಲ, ಹಾಗೆ ನನ್ನ ಹತ್ತಿರ ಇಂಥ ಸಂಗತಿಗಳು ಬರುತ್ತಲೇ ಇರುತ್ತವೆ. ಕರೆಯುವುದೂ ಬೇಡ, ಹೊರಡಿ ಎಂದರೆ ಹೊರಡುವುದೂ ಇಲ್ಲ.

ಗೂಡಲೂರು ಪೇಟೆಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ತಾತನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದವರು ನಾವು. ಗೋಡೆಗೆ ಗೋಡೆ ಅಂಟಿಕೊಂಡಂತೆ ಒಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತು. ಅದರ ಮಾಲೀಕ ಮಲಯಾಳಿ, ಊರಿಗೆಲ್ಲ ಅವನು 'ಚೇಟ', ಅಂದರೆ ಅಣ್ಣ. ತೊಂಬತ್ತರ ದಶಕದ ಕೊನೆ. ಮನೆಮನೆಗೂ ಕೇಬಲ್ ತಂತಿ ಬಂದು, ಕ್ಯಾಸೆಟ್ ಬಾಡಿಗೆಗೆ ಕೇಳುವವರೇ ಇಲ್ಲವಾದರು. ಚೇಟನ ಹೆಂಡತಿಯ ಅಣ್ಣ ಗಡಿಯಾಚೆ ಬತ್ತೇರಿಯಲ್ಲಿ ಕೋಳಿ ಅಂಗಡಿ ಇಟ್ಟಿದ್ದ. 'ಇನ್ನು ಎಂಟು ವಾರ ನೋಡುತ್ತೇನೆ. ಅಂಗಡಿ ಹೀಗೇ ಖಾಲಿ ಇದ್ದರೆ ಜೀಪು ತಂದು ಕರೆದುಕೊಂಡು ಹೋಗುತ್ತೇನೆ, ನನ್ನ ಜೊತೆ ಕೋಳಿ ಕಡಿ' ಅಂದುಬಿಟ್ಟ.

ಇದರಲ್ಲಿ ತೊಂದರೆ ಏನೆಂದರೆ, ಚೇಟ ರಕ್ತ ನೋಡಲಾರ. ಸಿನಿಮಾದಲ್ಲಿ ಯಾರಿಗಾದರೂ ಗಾಯವಾದರೂ ಮುಖ ತಿರುಗಿಸಿಕೊಂಡು ಫಾರ್ವರ್ಡ್ ಗುಂಡಿ ಒತ್ತುವವನು. 'ಕೋಳಿಗೆ ಫಾರ್ವರ್ಡ್ ಗುಂಡಿ ಇರುವುದಿಲ್ಲ ಅಲ್ಲವಾ' ಎಂದು ನನ್ನನ್ನು ಕೇಳಿದಾಗ ಅವನ ಕಣ್ಣಲ್ಲಿ ನೀರಿತ್ತು.

ಆಗ ನಾನೇ ಒಂದು ಉಪಾಯ ಹೇಳಿದೆ. ಚೇಟನೂ ತಾನೇ ಹೇಳಿದ್ದು ಅನ್ನುತ್ತಾನೆ, ಅನ್ನಲಿ. ಎಂಟು ವಾರದ ಸಿನಿಮಾ ಪಂಥ. ಕೇಬಲ್‌ನಲ್ಲಿ ಬಾರದ ವಿಚಿತ್ರ ಸಿನಿಮಾಗಳು ಅವನ ಹತ್ತಿರ ರಾಶಿ ಇದ್ದವು. ವಾರಕ್ಕೊಂದು ವಿಷಯವನ್ನು ಹಲಗೆಯ ಮೇಲೆ ಬರೆಯುವುದು: ಬಾಹ್ಯಾಕಾಶ, ದೈತ್ಯ ಪ್ರಾಣಿ, ಕಾಲಯಾನ, ಹೀಗೆ. ಆ ವಿಷಯದ ಒಂದು ಸಿನಿಮಾ ನೋಡಿ, ಭಾನುವಾರ ಸಂಜೆ ನಮ್ಮ ಅಂಗಡಿಯ ಜಗಲಿ ಮೇಲೆ ನಿಂತು ಕಥೆ ಹೇಳಬೇಕು. ಇದ್ದದ್ದು ಇದ್ದ ಹಾಗೆ. ಎಂಟು ವಾರವೂ ತಪ್ಪದೆ ಹೇಳಿದವರಿಗೆ ಒಂದು ವರ್ಷ ಕ್ಯಾಸೆಟ್ ಪುಕ್ಕಟೆ.

ಸರಿ ತಪ್ಪು ನೋಡಲು ಒಬ್ಬ ಹವಾಲ್ದಾರರು. ಊಟಿ ಕೆಳಗಿನ ದಂಡಿನ ಊರು ವೆಲ್ಲಿಂಗ್ಟನ್‌ನಲ್ಲಿ ಸೈನಿಕರಿಗೆ ಸಿನಿಮಾ ತೋರಿಸುವ ಪ್ರೊಜೆಕ್ಟರ್ ಓಡಿಸಿ ನಿವೃತ್ತರಾದವರು. ಅವರು ನೋಡದ ಸಿನಿಮಾ ಇಲ್ಲ. ಸುಳ್ಳು ಹೇಳಿದರೆ ಪಿಂಚಣಿ ನಿಂತುಹೋಗುತ್ತದೆ ಎಂದು ನಂಬಿದ್ದ ಮನುಷ್ಯ. ನಾನು ಸೇರುತ್ತೇನೆ ಎಂದಾಗ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಇದ್ದದ್ದು ಇದ್ದ ಹಾಗೆ ಹೇಳಬೇಕಂತೆ. ನಿನ್ನ ಆರೋಗ್ಯ ಕೆಟ್ಟೀತು' ಅಂದರು.

ಬಾಹ್ಯಾಕಾಶ ವಾರ

ಮೊದಲ ಭಾನುವಾರ ನಾನು ಹೇಳಿದ್ದು ಆಕಾಶನೌಕೆಯೊಂದರ ಕಥೆ. ಅದರೊಳಗೆ ಜನ ಗಾಜಿನ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತಾರೆ, ನೌಕೆ ತನ್ನಷ್ಟಕ್ಕೆ ತಾನೇ ಹೋಗುತ್ತಿರುತ್ತದೆ. ಒಂದು ಅಕ್ಷರ ಕೂಡಿಸದೆ ಹೇಳಿದೆ. ಜೀವಮಾನದಲ್ಲಿ ಮೊದಲ ಸಲ. ಒಬ್ಬರೂ ನಂಬಲಿಲ್ಲ.

'ವರ್ಷಗಟ್ಟಲೆ ಮಲಗಿದರೆ ಹಸಿವಾಗಲ್ವಾ?'

'ಮಗ್ಗುಲು ಬದಲಾಯಿಸೋದು ಹೇಗೆ?'

'ಇವನು ನೋಡಿದ್ದು ಆಸ್ಪತ್ರೆ ಸಿನಿಮಾ ಇರಬೇಕು.'

ಹವಾಲ್ದಾರರು ಎದ್ದು ನಿಂತು, 'ಸರಿ. ಸಿನಿಮಾ ಹಾಗೇ ಇದೆ' ಅಂದರು. ಜನ ಆಗ ಹವಾಲ್ದಾರರನ್ನೇ ಅನುಮಾನದಿಂದ ನೋಡಿದರು.

ಗುಂಪಿನಲ್ಲಿ ಈ ಬೆಟ್ಟದ ಬಡಗ ಜನದ ಅಜ್ಜಿಯೊಬ್ಬರು ಇದ್ದರು. ಸ್ವಂತದ್ದು ಒಂದು ತುಂಡು ಟೀ ತೋಟ. ಕೊಯ್ದ ಎಲೆಯನ್ನು ಫ್ಯಾಕ್ಟರಿಗೆ ಹಾಕಿ, ಗೊಬ್ಬರಕ್ಕೆ ನಮ್ಮಲ್ಲಿಗೆ ಬರುವವರು. ತಮ್ಮ ಭಾಷೆಯಲ್ಲೇ ಕೇಳಿದರು, ನಾನು ನಮ್ಮದರಲ್ಲಿ ಹೇಳುತ್ತೇನೆ:

'ಅಷ್ಟು ವರ್ಷ ಇವರು ಮಲಗಿದ್ದರೆ ಎಲೆ ಕೊಯ್ಯೋರು ಯಾರು?'

'ಅಲ್ಲಿ ಎಲೆ ಇಲ್ಲ ಅಜ್ಜಿ.'

'ಎಲೆ ಇಲ್ಲದ ಊರಿಗೆ ಯಾಕೆ ಹೋದರು?'

'ಹುಡುಕೋಕೆ.'

'ಏನನ್ನ?'

ಅದನ್ನು ಸಿನಿಮಾದಲ್ಲಿ ಹೇಳಿರಲಿಲ್ಲ. ಅಜ್ಜಿ ನನ್ನ ಮುಖ ನೋಡಿ ಸಾಕಾಗಿ, ಸೀದಾ ಚೇಟನ ಅಂಗಡಿಗೆ ಹೋಗಿ ಸದಸ್ಯೆಯಾದರು. ಅವರ ಮನೆಯಲ್ಲಿ ವಿ.ಸಿ.ಆರ್. ಇರಲಿಲ್ಲ, ಟಿ.ವಿ.ಯೂ ಇರಲಿಲ್ಲ. ಆ ಕ್ಯಾಸೆಟ್ಟನ್ನು ಎಲೆ ಚೀಲಕ್ಕೆ ಹಾಕಿಕೊಂಡು ಹೋದರು. ಹಟ್ಟಿಯಲ್ಲಿ ಯಾರದೋ ಮನೆಯಲ್ಲಿ ಹಾಕಿಸಿ, ಹಟ್ಟಿಯವರನ್ನೆಲ್ಲ ಕೂರಿಸಿಕೊಂಡು ನೋಡಿದರಂತೆ.

ಎರಡು ದಿನ ಬಿಟ್ಟು ಕ್ಯಾಸೆಟ್ ವಾಪಸ್ಸು ತಂದರು. ಚೇಟ ಆಸೆಯಿಂದ, 'ಗೊತ್ತಾಯ್ತಾ ಅಜ್ಜಿ, ಏನು ಹುಡುಕ್ತಿದ್ದರು ಅಂತ?' ಎಂದು ಕೇಳಿದ.

'ಪಾಪ, ಅವರಿಗೂ ಗೊತ್ತಿಲ್ಲ' ಅಂದರು ಅಜ್ಜಿ. 'ಇನ್ನೊಂದು ಕೊಡು. ಅದರಲ್ಲಾದರೂ ಸಿಕ್ಕಿತೇನೋ ನೋಡೋಣ.'

ದೈತ್ಯ ಪ್ರಾಣಿ ವಾರ

ಎರಡನೆಯ ವಾರ ತೆಪ್ಪಕಾಡಿನ ಆನೆ ಶಿಬಿರದ ಮಾವುತನೊಬ್ಬ ಸಾಮಾನಿಗೆಂದು ಪೇಟೆಗೆ ಬಂದಿದ್ದ. ಚೇಟ ಜನರನ್ನು ಸೆಳೆಯಲು ಅಂಗಡಿ ಮುಂದೆ ಟಿ.ವಿ. ಇಟ್ಟು, ಬೆಟ್ಟದಷ್ಟು ಎತ್ತರದ ಒಂದು ಹಲ್ಲಿಯಂಥ ಪ್ರಾಣಿ ಪಟ್ಟಣವನ್ನು ಪುಡಿ ಮಾಡುವ ಸಿನಿಮಾ ಹಾಕಿದ್ದ. ಮಾವುತ ಬೆಲ್ಲದ ಪೊಟ್ಟಣ ಹಿಡಿದುಕೊಂಡು ನಿಂತು ನೋಡಿದ. ಪ್ರಾಣಿ ಒಂದು ಸೇತುವೆಗೆ ಕೈ ಹಾಕಿದಾಗ ಅವನಿಗೆ ತಡೆಯಲಾಗಲಿಲ್ಲ. ಆನೆಯನ್ನು ಕೂರಿಸುವಾಗ ಗದರುತ್ತಾರಲ್ಲ, ಅದೇ ಮಾತನ್ನು ಅದೇ ಗಂಟಲಲ್ಲಿ ಗದರಿದ.

ಪ್ರಾಣಿ ಕೂತಿತು.

ಮಾವುತ ನಮ್ಮ ಕಡೆ ತಿರುಗಿ, 'ಎಷ್ಟು ದೊಡ್ಡದಾದರೇನು ಸಾಮಿ, ದನಿ ಗಟ್ಟಿ ಇರಬೇಕು' ಅಂದ.

ಆ ಕ್ಯಾಸೆಟ್ಟನ್ನು ಶಿಬಿರಕ್ಕೆ ತೆಗೆದುಕೊಂಡು ಹೋದ. ಅಲ್ಲಿ ಹಾಕಿದಾಗಲೂ ಅವನು ಗದರಿದ, ಅದು ಕೂತಿತು. ಉಳಿದ ಮಾವುತರು ಪ್ರಯತ್ನಿಸಿದರು, ಅವರಿಗೂ ಕೂತಿತು. 'ನಾನು ಪಳಗಿಸಿ ಕೊಟ್ಟ ಮೇಲೆ ಯಾರ ಮಾತಾದರೂ ಕೇಳುತ್ತೆ' ಎಂದನಂತೆ.

ಮುಂದಿನ ಸಲ ಬಂದಾಗ ನಾನು ಮೆಲ್ಲಗೆ ಹೇಳಿದೆ: 'ಅಲ್ಲಪ್ಪ, ನೀನು ಸುಮ್ಮನಿದ್ದರೂ ಅದು ಆ ಜಾಗದಲ್ಲಿ ಕೂತೇ ಕೂರುತ್ತೆ.'

'ಸುಮ್ಮನಿದ್ದು ನೋಡಿದ್ದೀರಾ?'

ನೋಡಿರಲಿಲ್ಲ. ಕುತೂಹಲ ನನಗೂ ಹುಟ್ಟಿತು. ಪೇಟೆಯವರೆಲ್ಲ ಸೇರಿದೆವು. ಮಾವುತನ ಬಾಯಿಗೆ ಎಲೆ ಅಡಿಕೆ ತುಂಬಿ ಕೂರಿಸಿದೆವು. ಕ್ಯಾಸೆಟ್ ಓಡಿತು. ಪಟ್ಟಣ ಪುಡಿಯಾಯಿತು. ಸೇತುವೆ ಬಂತು. ಪ್ರಾಣಿ ಕೈ ಎತ್ತಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮಾವುತ ನಿಧಾನವಾಗಿ ಎದ್ದು, ಹೋಗಿ ಉಗಿದು ಬಂದು ಹೇಳಿದ: 'ಹೇಳೋರು ಹೇಳದಿದ್ದರೆ ಹೀಗೇ ಆಗೋದು. ಟಿ.ವಿ.ಯನ್ನೇ ತುಳಿದು ಹಾಕ್ತು.'

ಕಾಲಯಾನ ವಾರ

ಹಿಂದಿನ ಕಾಲಕ್ಕೆ ಹೋಗುವ ಯಂತ್ರದ ಸಿನಿಮಾವನ್ನು ನಮ್ಮ ಮನೆಯಲ್ಲಿ ಹೆಂಡತಿಯೂ ಜೊತೆಗೆ ಕೂತು ನೋಡಿದಳು. ಭಾನುವಾರ ಜಗಲಿ ಹತ್ತಿರ ಕಥೆ ಮುಗಿದ ಮೇಲೆ ಮಾತು ಬೆಳೆಯಿತು: ಅಂಥ ಯಂತ್ರ ಸಿಕ್ಕಿದರೆ ಯಾರು ಎಲ್ಲಿಗೆ ಹೋಗುತ್ತೀರಿ?

ಚೇಟ, 'ಕೇಬಲ್ ಬರುವುದಕ್ಕೆ ಮುಂಚೆ' ಅಂದ. ಅಜ್ಜಿ, 'ಹಸಿ ಎಲೆಗೆ ಒಳ್ಳೆ ರೇಟು ಇದ್ದ ಕಾಲಕ್ಕೆ' ಅಂದರು. ಹವಾಲ್ದಾರರು, 'ರಜೆ ಮಂಜೂರಾಗದೆ ಎಲ್ಲಿಗೂ ಹೋಗುವುದಿಲ್ಲ' ಅಂದರು.

ನನ್ನ ಹೆಂಡತಿ ಸ್ವಲ್ಪ ಯೋಚಿಸಿ, 'ನಮ್ಮ ನಿಶ್ಚಿತಾರ್ಥದ ದಿನಕ್ಕೆ' ಅಂದಳು.

ನನಗೆ ಎದೆ ಉಬ್ಬಿತು. ಅವಳ ತವರು ಊಟಿಯಾಚೆ ಎಮರಾಲ್ಡ್ ಹತ್ತಿರ, ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುವ ಮನೆ. ನಿಶ್ಚಿತಾರ್ಥಕ್ಕೆ ನಾವು ಇಲ್ಲಿಂದ ಹೊರಟಾಗ ಮಳೆಗೆ ದಾರಿಯಲ್ಲಿ ಮಣ್ಣು ಕುಸಿದು, ಬಸ್ಸು ಅರ್ಧ ದಿನ ನಿಂತಿತ್ತು. ರಸ್ತೆ ಕೆಲಸದ ಗ್ಯಾಂಗಿನವರು ಮಣ್ಣು ತೆಗೆದ ಮೇಲೆ ಹೇಗೋ ಹೋಗಿ ಸೇರಿದ್ದೆವು. ಪೇಟೆಯವರಿಗೆ ಕೇಳಲಿ ಎಂದು ಗಟ್ಟಿಯಾಗಿಯೇ ಕೇಳಿದೆ:

'ಯಾಕೆ, ನನ್ನನ್ನ ಮೊದಲ ಸಲ ನೋಡಿದ ಹಾಗೆ ಇನ್ನೊಂದು ಸಲ ನೋಡಬೇಕು ಅಂತಲಾ?'

'ನಿಮ್ಮನ್ನ ಅಲ್ಲ' ಅಂದಳು. 'ಆ ಮಣ್ಣು ತೆಗೆಯೋರ ಹತ್ತಿರ ಒಂದೆರಡು ಮಾತು ಆಡಬೇಕಿತ್ತು.'

ಮಾಯಾಲೋಕ ವಾರ

ಅದೃಶ್ಯರು, ಯಂತ್ರಮಾನವರು, ಪಾತಾಳ, ಸಮುದ್ರ ಎಲ್ಲ ದಾಟಿ ಎಂಟನೆಯ ವಾರಕ್ಕೆ ಬರುವಷ್ಟರಲ್ಲಿ ಪಂಥದಲ್ಲಿ ಉಳಿದವನು ನಾನೊಬ್ಬನೇ. ಮಳೆ ಜೋರಾಗಿ ಜನ ಪೇಟೆಗೆ ಬರುವುದೇ ಕಡಿಮೆಯಾಯಿತು. ಚೇಟನ ಅಂಗಡಿಗೆ ಅಜ್ಜಿ, ಮಾವುತ ಬಿಟ್ಟರೆ ಬೆರಳೆಣಿಕೆಯ ಗಿರಾಕಿಗಳು. ಅವರಿಂದ ಅಂಗಡಿ ಉಳಿಯುವ ಹಾಗಿರಲಿಲ್ಲ.

ಹಲಗೆಯ ಮೇಲೆ 'ಮಾಯಾಲೋಕ' ಎಂದು ಬರೆದ ಮರುದಿನವೇ ಗಾಳಿಗೆ ಮರಗಳು ಬಿದ್ದು ಲೈನು ಹರಿಯಿತು. ವಾರವಿಡೀ ಕರೆಂಟಿಲ್ಲ. ನಾನು ಸಿನಿಮಾ ನೋಡುವುದು ಹೇಗೆ? ನೋಡಲಿಲ್ಲ.

ಭಾನುವಾರ ಮಳೆ ಬಿಟ್ಟಿತು. ಕರೆಂಟಿಲ್ಲದೆ ಮನೆಯಲ್ಲಿ ಕೂತು ಬೇಸತ್ತವರೆಲ್ಲ ಸಂಜೆ ಹೊತ್ತಿಗೆ ಜಗಲಿ ಮುಂದೆ ಬಂದು ನಿಂತರು. ಅಷ್ಟು ಜನ ಒಂದು ವಾರವೂ ಸೇರಿರಲಿಲ್ಲ. ಅವರ ಹಿಂದೆ ಒಂದು ಜೀಪು ಬಂದು ನಿಂತಿತು. ಬತ್ತೇರಿಯ ಭಾವ ಇಳಿದು, ಚೇಟನ ಪೆಟ್ಟಿಗೆ ಎಲ್ಲಿ ಎಂದು ಕೇಳಿದ. ಚೇಟ ನನ್ನ ಕಡೆ ನೋಡಿದ. ಈಗಾಗಲೇ ಎದುರಿಗೆ ಕೋಳಿ ಕಂಡವನ ಹಾಗಿದ್ದ.

'ಕಥೆ ಮುಗಿಯಲಿ, ಆಮೇಲೆ ಹೊರಡೋಣ' ಎಂದು ಹೇಳಿ ಅವನು ಭಾವನನ್ನು ಒಂದು ಗೊಬ್ಬರದ ಚೀಲದ ಮೇಲೆ ಕೂರಿಸಿದ.

ನಾನು ಜಗಲಿ ಹತ್ತಿದೆ. ಸಿನಿಮಾ ನೋಡಿಲ್ಲ ಎಂದರೆ ಜನ ಚದುರುತ್ತಾರೆ, ಚೇಟ ಜೀಪು ಹತ್ತುತ್ತಾನೆ. ಹಾಗಾಗಿ, ಕರೆಂಟು ಹೋಗುವ ಮೊದಲೇ ನೋಡಿದ್ದೆ ಎಂದು ಹೇಳತೊಡಗಿದೆ.

ಒಂದು ಬೆಟ್ಟದ ಊರು. ಅಲ್ಲಿ ಮಂಜು ಎಷ್ಟು ದಟ್ಟ ಎಂದರೆ ಅಕ್ಕಪಕ್ಕದ ಮನೆಯವರು ಒಬ್ಬರ ಮುಖ ಒಬ್ಬರು ಕಂಡಿಲ್ಲ. ಈ ಮಂಜು ಎಲ್ಲಿಂದ ಬರುತ್ತದೆ ಎಂದು ನೋಡಲು ಒಬ್ಬ ಹುಡುಗಿ ಹೊರಡುತ್ತಾಳೆ. ಹತ್ತಿ ಹತ್ತಿ ಹೋದರೆ ತುದಿಯಲ್ಲಿ ಒಂದು ಕಾರ್ಖಾನೆ. ಮಂಜಿನ ಕಾರ್ಖಾನೆ. ಒಳಗೆ ಒಬ್ಬಳೇ ಮುದುಕಿ. ಟೀ ಎಲೆಯನ್ನು ಬಾಡಿಸುವ ಹಾಗೆ ಮೋಡವನ್ನು ಹರಡಿ ಬಾಡಿಸುತ್ತಾಳೆ, ಉರುಳಿಸುತ್ತಾಳೆ, ಜರಡಿ ಹಿಡಿಯುತ್ತಾಳೆ, ಚೀಲ ಬಿಚ್ಚಿ ಊರಿನ ಕಡೆ ಸುರಿಯುತ್ತಾಳೆ. 'ಯಾರಿಗೋಸ್ಕರ ಮಾಡ್ತೀಯ?' ಎಂದು ಹುಡುಗಿ ಕೇಳುತ್ತಾಳೆ. 'ಇನ್ನೊಬ್ಬಳು ಬರುವವರೆಗೆ ಮಾಡು ಅಂದಿದ್ದರು' ಎಂದು ಮುದುಕಿ ಜರಡಿಯನ್ನು ಹುಡುಗಿಯ ಕೈಗೆ ಕೊಟ್ಟು ಹೊರಟೇ ಹೋಗುತ್ತಾಳೆ. ಹುಡುಗಿ ಅಲ್ಲೇ ಉಳಿಯುತ್ತಾಳೆ. ಮುಗಿಯಿತು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಥೆಯನ್ನು ಮೊದಲ ಸಲ ಊರಿಗೆ ಊರೇ ನಂಬಿತ್ತು.

ಹವಾಲ್ದಾರರು ಎದ್ದರು. ಸಿಕ್ಕಿಬಿದ್ದೆ ಅಂದುಕೊಂಡೆ.

'ತಪ್ಪು' ಅಂದರು. 'ಈ ಸಿನಿಮಾ ನಾನೇ ವೆಲ್ಲಿಂಗ್ಟನ್‌ನಲ್ಲಿ ಓಡಿಸಿದ್ದೇನೆ. ಕೊನೆ ಹಾಗಿಲ್ಲ. ಹುಡುಗಿ ಕಾರ್ಖಾನೆಯ ಒಲೆ ಆರಿಸಿ ಮನೆಗೆ ಬರುತ್ತಾಳೆ. ಮಂಜು ಹೋಗುತ್ತದೆ. ಊರಿನವರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿ ಜಗಳ ಶುರು ಮಾಡುತ್ತಾರೆ. ಎಂಟನೆಯ ವಾರ ಇವನು ಸೋತ.'

ಅಂಥ ಸಿನಿಮಾನೇ ಇಲ್ಲ ಎನ್ನುವ ಹಾಗಿಲ್ಲ.

'ನಾನು ನೋಡಿದ್ದರಲ್ಲಿ ಹುಡುಗಿ ಅಲ್ಲೇ ಉಳಿದಳು' ಎಂದು ಸಾಧಿಸಿದೆ.

'ನೀನು ಕೊನೆ ರೀಲಿನಲ್ಲಿ ನಿದ್ದೆ ಮಾಡಿರಬೇಕು.'

ಜನ ಎರಡು ಪಂಗಡವಾದರು. ಉಳಿದಳು ಎನ್ನುವವರು ನನ್ನ ಕಡೆ, ಬಂದಳು ಎನ್ನುವವರು ಹವಾಲ್ದಾರರ ಕಡೆ. ಕೊನೆಗೆ ಎಲ್ಲರೂ ಒಟ್ಟಾಗಿ ಚೇಟನ ಕಡೆ ತಿರುಗಿದರು. 'ಕ್ಯಾಸೆಟ್ ಕೊಡು. ಕರೆಂಟು ಬಂದ ಕೂಡಲೇ ನೋಡೇ ಬಿಡೋಣ.'

'ಹೊರಗೆ ಹೋಗಿದೆ' ಅಂದ ಚೇಟ.

'ಬಂದ ಕೂಡಲೇ ನನಗೆ.'

'ನನಗೆ ಮೊದಲು.'

'ಸದಸ್ಯರಾದವರಿಗೆ ಮೊದಲು' ಅಂದ ಚೇಟ. ನೂಕುನುಗ್ಗಲಾಯಿತು. ಆ ನೂಕಾಟದ ಮುಂದುಗಡೆ ನೋಡುತ್ತೇನೆ, ಗೊಬ್ಬರದ ಚೀಲದ ಮೇಲೆ ಕೂತಿದ್ದ ಬತ್ತೇರಿಯ ಭಾವ. 'ಭಾವಾ, ಅವಳು ಮನೆಗೆ ಬಂದಳೋ ಇಲ್ಲವೋ ಅಷ್ಟು ಹೇಳು' ಎಂದು ಚೇಟನ ಅಂಗಿ ಹಿಡಿದು ಜಗ್ಗುತ್ತಿದ್ದ. ಜೀಪು ಖಾಲಿ ವಾಪಸ್ಸು ಹೋಯಿತು. ಭಾವನೂ ಸದಸ್ಯನಾಗಿ ಹೋದ.

ಆಮೇಲೆ ಎಷ್ಟೋ ಕಾಲ ಜನ ಆ ಕ್ಯಾಸೆಟ್ ಕೇಳಿ ಬರುವುದು, ಚೇಟ 'ಇನ್ನೂ ಬಂದಿಲ್ಲ, ಅಲ್ಲಿವರೆಗೆ ಇದನ್ನು ನೋಡಿ' ಎಂದು ಬೇರೆಯದನ್ನು ಕೊಡುವುದು. ಕೋಳಿ ಕಡಿಯುವ ಮಾತು ಮತ್ತೆ ಬರಲಿಲ್ಲ.

ಒಂದು ದಿನ ಹವಾಲ್ದಾರರು ಒಬ್ಬರೇ ಸಿಕ್ಕಾಗ ಕೇಳಿಯೇಬಿಟ್ಟೆ: 'ಸತ್ಯ ಹೇಳಿ ಸಾರ್, ಆ ಸಿನಿಮಾ ನೀವು ನೋಡಿದ್ದೀರಾ?'

'ಯಾಕೆ, ನೀನು ನೋಡಿಲ್ಲವಾ?'

'ನೋಡಿದ್ದೇನೆ.'

'ಮತ್ತೆ ಯಾಕೆ ಕೇಳ್ತೀಯ?' ಎಂದು ಹೊರಟವರು, ತಿರುಗಿ ನಿಂತು, 'ಆ ಮುದುಕಿಯ ಪಾತ್ರ ಚೆನ್ನಾಗಿತ್ತು. ಎಡಗಣ್ಣು ಸ್ವಲ್ಪ ವಾರೆ' ಅಂದರು.

ಅವರ ಪಿಂಚಣಿ ಒಂದು ತಿಂಗಳೂ ನಿಲ್ಲಲಿಲ್ಲ. ಅಲ್ಲಿಂದೀಚೆಗೆ ಮೈಸೂರಿಗೆ ಹೋದಾಗಲೆಲ್ಲ ಕ್ಯಾಸೆಟ್ ಅಂಗಡಿಗಳಲ್ಲಿ ನಾನೂ ವಿಚಾರಿಸುತ್ತಿದ್ದೇನೆ: ಮಂಜಿನ ಕಾರ್ಖಾನೆ ಇದೆಯಾ, ಮುದುಕಿಗೆ ವಾರೆಗಣ್ಣು?

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ನಾನು ಈ ಚಹಾ ಕುಡಿದದ್ದಂತೂ ನಿಜ, ಅದಕ್ಕೆ ಸಾಕ್ಷಿ ಆ ಹೋಟೆಲಿನವನು. ಆಗಿನಿಂದ ಈ ಕಡೆಯೇ ನೋಡುತ್ತಿದ್ದಾನೆ. ಸ್ವಲ್ಪ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.