ಗೋಡೆ ಏರಿದ ಹನ್ನೆರಡು ಹಾಸಿಗೆಗಳು

ಈಗ ಆ ನಾಲ್ವರ ರಾಕ್ ತಂಡ ಬರುತ್ತದೆಂದರೆ ಸಾಕು, ಟಿಕೆಟ್ಟಿಗೆ ನೂಕುನುಗ್ಗಲು. ಪತ್ರಿಕೆಗಳು ಅವರ ತಲೆಗೂದಲ ಉದ್ದದ ಬಗ್ಗೆ ಬರೆದಿವೆ, ಪ್ಯಾಂಟಿನ ಮಂಡಿಯ ತೂತಿನ ಬಗ್ಗೆ ಬರೆದಿವೆ, ಅವರು ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆಂದೂ ಬರೆದಿವೆ. ಆದರೆ ಆ ಹನ್ನೆರಡು ಹಾಸಿಗೆಗಳ ಬಗ್ಗೆ ಒಬ್ಬರೂ ಒಂದು ಸಾಲು ಬರೆದಿಲ್ಲ. ತಂಡದ ಹಾಡುಗಾರ್ತಿಯ ಅಪ್ಪನಿಗೆ, ಅಂದರೆ ಹಾಸಿಗೆ ಅಂಗಡಿಯ ಯಜಮಾನರಿಗೆ, ಇದೊಂದು ಕೊರಗು. (ಬರೆಯದೇ ಇರುವುದೇ ಒಳ್ಳೆಯದು ಎಂಬುದು ಅವರ ಹೆಂಡತಿಯ ಅಭಿಪ್ರಾಯ.)

ಆಗ ತಂಡಕ್ಕೆ ಹೆಸರೂ ಇರಲಿಲ್ಲ, ಜಾಗವೂ ಇರಲಿಲ್ಲ. ಡ್ರಮ್ಸ್ ಬಾರಿಸುವವನಿಗೆ ‘ಗುಡುಗು’, ಗಿಟಾರಿನ ಉದ್ದನೆಯ ಹುಡುಗನಿಗೆ ‘ಏಣಿ’, ಬೇಸ್ ಗಿಟಾರ್ ಹಿಡಿದು ತುಟಿಪಿಟಿಕ್ಕೆನ್ನದೆ ನಿಲ್ಲುವವನಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದು ಯಜಮಾನರ ಹೆಂಡತಿ. ಅವರನ್ನು ಅಂಗಡಿಯ ಹಿಂದಿನ ಗೋದಾಮಿಗೆ ಬಿಟ್ಟುಕೊಂಡಿದ್ದೂ ಅವರೇ. ಯಜಮಾನರ ಒಪ್ಪಿಗೆ ಕೇಳಿದ್ದು, ಡ್ರಮ್ಸ್ ಒಳಗೆ ಬಂದು ಕೂತ ಮೇಲೆ.

ಮೊದಲ ದಿನವೇ ಎದುರು ಮನೆಯ ನಿವೃತ್ತ ಹೆಡ್ಮಾಸ್ತರು ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಓಡಿ ಬಂದರು.

“ಏನ್ರೀ ಅದು? ಗೋದಾಮು ಕುಸಿದುಬಿತ್ತಾ?”

“ಇಲ್ಲ ಸಾರ್, ಮಗಳು ಹಾಡ್ತಿದಾಳೆ.”

“ಹಾಡ್ತಿದಾಳಾ! ಇನ್ನೊಂದು ಸಲ ಕೇಳಿಸಲಿ, ನಾನು ನೇರ ಪೊಲೀಸ್ ಸ್ಟೇಷನ್ನಿಗೇ.”

ಯಜಮಾನರ ಪಾಲಿಗೆ ಜಗತ್ತಿನ ಯಾವ ಕಷ್ಟಕ್ಕೂ ಹತ್ತಿಯೇ ಮದ್ದು. ಅಂದು ಸಂಜೆಯೊಳಗೆ ಅವರ ತಲೆಯಲ್ಲಿ ಧ್ವನಿನಿರೋಧಕ ಮಹಾಯೋಜನೆಯೊಂದು ಸಿದ್ಧವಾಯಿತು. ಗೋದಾಮಿನ ನಾಲ್ಕೂ ಗೋಡೆಗೆ ಗೂಟ ಹೊಡೆದು, ಗೋಡೆಗೆ ಮೂರರಂತೆ ಹನ್ನೆರಡು ಹೊಸ ಹಾಸಿಗೆಗಳನ್ನು ಹಗ್ಗದಲ್ಲಿ ಬಿಗಿದರು. ಹೊರಗೆ ನಿಂತು ಕೇಳಿದರೆ, ಯಾರೋ ಮೂಟೆಯೊಳಗೆ ಕೂತು ಕೆಮ್ಮಿದಷ್ಟು ಸದ್ದು. ಹೆಡ್ಮಾಸ್ತರು ತಣ್ಣಗಾದರು. ಯಜಮಾನರಿಗೆ ಎರಡು ಕೊಂಬು ಬಂದವು.

ಹಾಗೆಂದು ಹನ್ನೆರಡು ಹಾಸಿಗೆಗಳನ್ನು ಗೋಡೆಗೇ ಬಿಟ್ಟುಬಿಟ್ಟರೆ ವ್ಯಾಪಾರ ನಡೆಯಬೇಕಲ್ಲ? ಅದಕ್ಕೂ ಒಂದು ಕ್ರಮ ಮಾಡಿದರು. ಯಾವ ಗಿರಾಕಿಯ ಹಾಸಿಗೆಯೇ ಆಗಲಿ, ಹೊಲಿದ ಮೇಲೆ ಮೊದಲು ಗೋಡೆಗೆ, ಆಮೇಲೆ ಗಿರಾಕಿಗೆ. ಒಂದು ಇಳಿಯಿತೆಂದರೆ ಇನ್ನೊಂದು ಏರುತ್ತಿತ್ತು. (ಆ ಊರಿನ ಎಷ್ಟೋ ಮರ್ಯಾದಸ್ಥರು ಎರಡೆರಡು ವಾರ ರಾಕ್ ಸಂಗೀತ ಕುಡಿದ ಹಾಸಿಗೆಯ ಮೇಲೆ ಮಲಗಿದ್ದಾರೆ. ಅವರಿಗೆ ಬಿದ್ದ ಕನಸುಗಳ ವಿವರ ನಮಗೆ ತಿಳಿದಿಲ್ಲ.)

ಹೀಗೇ ಎರಡು ವರ್ಷ ಕಳೆಯಿತು. ಮಗಳು ದಿನಾ ಗಂಟಲು ಹರಿದುಕೊಂಡು ಹಾಡಿದಳು. ಆ ಕೋಣೆಯಲ್ಲಿ ಹಾಡಿಕೊಂಡದ್ದನ್ನೇ ಟೇಪು ಮಾಡಿ ಎರಡು ಸಲ ರೆಕಾರ್ಡ್ ಕಂಪನಿಗೆ ಕಳಿಸಿದರು. ಎರಡು ಸಲವೂ ಬಂದ ಉತ್ತರ ಒಂದೇ: ಹಾಡಿನಲ್ಲಿ ಜೀವ ಇಲ್ಲ. ಮೂರನೆಯ ಸಲ ಕಳಿಸಿದಾಗ ಮಾತ್ರ ಕಂಪನಿಯವರೊಬ್ಬರು, ಭಾನುವಾರ ಆ ಕಡೆ ಕೆಲಸವಿದೆ, ನಾಲ್ಕು ಗಂಟೆಗೆ ಬಂದು ಎದುರಿಗೇ ಕೇಳುತ್ತೇನೆ, ಇದೇ ಕೊನೆ ಎಂದು ಬರೆದಿದ್ದರು.

“ಈ ಸಲಾನೂ ಆಗ್ಲಿಲ್ಲ ಅಂದ್ರೆ ಬಿಟ್ಟುಬಿಡ್ತೀವಪ್ಪಾ,” ಎಂದಳು ಮಗಳು. “ಏಣಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಹೋಗ್ತಾನೆ. ನಾನು ನಿಮ್ಮ ಜೊತೆ ಅಂಗಡೀಲಿ ಸೂಜಿ ಹಿಡೀತೀನಿ.”

ಅಂಗಡಿಗೆ ವಾರಸುದಾರರು ಸಿಕ್ಕರೆಂದು ಯಜಮಾನರು ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಆ ದಿನ ಅವರ ಹೊಲಿಗೆ ಸೊಟ್ಟಗೆ ಹೋಯಿತು.

ಭಾನುವಾರ ಎರಡು ಗಂಟೆಗೆ ಅಂಗಡಿಯ ಮುಂದೆ ಒಂದು ವ್ಯಾನು ನಿಂತಿತು. ಇಳಿದವರು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಯಜಮಾನರು ಗೋದಾಮಿನ ಬಾಗಿಲು ಎಳೆದುಕೊಂಡು ಮುಂದಕ್ಕೆ ಬಂದರು. ಆ ವಾರ ಗೋಡೆಯ ಮೇಲಿದ್ದ ಹನ್ನೆರಡಕ್ಕೆ ಹನ್ನೆರಡೂ ಹಾಸ್ಟೆಲಿನವು. ಅಂಗಡಿಯಲ್ಲಿದ್ದ ಹತ್ತಿಯೆಲ್ಲ ಅದಕ್ಕೇ ಮುಗಿದಿತ್ತು.

“ಸೋಮವಾರ ಅಂದಿದ್ರಲ್ಲ ಮೇಡಂ?”

“ಅಂದಿದ್ದೆ. ಮಕ್ಕಳು ಒಂದಿನ ಮುಂಚೆನೇ ಬಂದುಬಿಟ್ಟಿದಾವೆ. ಬರೀ ನೆಲದ ಮೇಲೆ ಮಲಗಿಸ್ಲಾ?”

“ಇನ್ನೂ ಸ್ವಲ್ಪ ಹೊಲಿಗೆ ಬಾಕಿ...”

ಅಷ್ಟರಲ್ಲಿ ಗೋದಾಮಿನ ಬಾಗಿಲು ತೆರೆದು ಮೌನಿ ಹೊರಗೆ ಬಂದ. ವಾರ್ಡನ್ ಒಳಗೆ ಇಣುಕಿದರು. ಗೋಡೆಯ ಮೇಲೆ ತಮ್ಮ ಹಾಸಿಗೆಗಳು ನೇಣು ಹಾಕಿಕೊಂಡಿರುವುದನ್ನು ಕಂಡು ಅವರ ಬಾಯಿ ತೆರೆದದ್ದು ತೆರೆದೇ ಇತ್ತು.

“ಇದೇನ್ರೀ ಇದು?”

“ಬಿಸಿಲಿಗೆ... ಅಲ್ಲ, ನೆರಳಿಗೆ ಒಣಗಿಸೋದು ಮೇಡಂ,” ಎಂದರು ಯಜಮಾನರು.

ಹಗ್ಗ ಬಿಚ್ಚದೆ ಗತಿಯಿರಲಿಲ್ಲ. ಒಂದೊಂದೇ ಹಾಸಿಗೆ ಇಳಿದು ವ್ಯಾನು ಹತ್ತಿತು. ಮಗಳು ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. “ಇವತ್ತೇನಾ ಅಪ್ಪಾ?” ಎಂದಳು, ಅಷ್ಟೇ. ಅವಳು ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಯಜಮಾನರು ಮನೆಯೊಳಗೆ ಓಡಿ ತಮ್ಮ ಮಂಚದ ಹಾಸಿಗೆಯನ್ನೇ ಎಳೆದರು. ಹೆಂಡತಿ ಅದರ ಮೇಲೆ ಕೂತುಬಿಟ್ಟರು.

“ಒಂದು ಹಾಸಿಗೆ ತಗೊಂಡು ಯಾವ ಗೋಡೆ ಮುಚ್ತೀರಿ?”

“ಹೆಡ್ಮಾಸ್ತರು ಪೊಲೀಸರನ್ನ ಕರೀತಾರೆ ಕಣೇ! ಕಂಪನಿಯವರ ಎದುರಿಗೇ ಕರೀತಾರೆ! ಮಗು ಬಾಳು ಹಾಳಾಗುತ್ತೆ!”

“ಹಾಗಾದ್ರೆ ಹೋಗಿ ಅವರ ಕಾಲು ಹಿಡೀರಿ. ಹಾಸಿಗೆ ಬಿಡಿ.”

ಸರಿಯಾಗಿ ನಾಲ್ಕಕ್ಕೆ ಕಂಪನಿಯವರು ಬಂದು ಬೋಳು ಗೋದಾಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಯಜಮಾನರು ಬೀದಿಗಿಳಿದರು. ಮೊದಲನೆಯ ಮನೆಯ ಬಾಗಿಲಲ್ಲಿ ಕೈಮುಗಿದು, “ಇವತ್ತೊಂದು ದಿನ ಸಹಿಸ್ಕೊಳ್ಳಿ, ಕಿಟಕಿ ಹಾಕ್ಕೊಳ್ಳಿ,” ಎಂದರು. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಗೆ ಹೋಗುವಾಗ ಬೆನ್ನ ಹಿಂದೆ ಗುಡುಗು ಶುರುವಾಯಿತು. ಯಜಮಾನರು ತಲೆ ತಗ್ಗಿಸಿಕೊಂಡು ಇನ್ನೂ ಜೋರಾಗಿ ಓಡಿದರು. ಅಂಜಿಕೊಂಡು ಕೊನೆಗೆ ಉಳಿಸಿಕೊಂಡಿದ್ದ ಎದುರಿನ ಹೆಡ್ಮಾಸ್ತರ ಮನೆಗೆ ಮರಳಿದರು. ಹೆಡ್ಮಾಸ್ತರು ಜಗಲಿಯ ಮೇಲೇ ನಿಂತಿದ್ದರು.

“ಸಾರ್, ನಿಮ್ಮ ದಮ್ಮಯ್ಯ, ಪೊಲೀಸರನ್ನ ಮಾತ್ರ ಕರೀಬೇಡಿ. ಒಂದರ್ಧ ಗಂಟೆ. ನನ್ನ ಮಗಳು...”

“ರೀ, ಸ್ವಲ್ಪ ಬಾಯಿ ಮುಚ್ಚಿ!” ಎಂದು ಹೆಡ್ಮಾಸ್ತರು ಗದರಿದರು. “ಕೇಳಿಸ್ಕೊಳ್ಳೋಕೆ ಬಿಡ್ತೀರೋ ಇಲ್ವೋ?”

ಆಗ ಯಜಮಾನರು ಬಾಯಿ ಮುಚ್ಚಿ ಬೀದಿ ನೋಡಿದರು. ಅವರು ಹಾಕಿಸಿ ಬಂದಿದ್ದ ಕಿಟಕಿಗಳೆಲ್ಲ ಮತ್ತೆ ತೆರೆದುಕೊಂಡಿದ್ದವು. ಒಂದೊಂದರಲ್ಲೂ ಮೂರು ನಾಲ್ಕು ತಲೆ. ಗೋದಾಮಿನಿಂದ ಮಗಳ ದನಿ ಬರುತ್ತಿತ್ತು. ಬೋಳು ಗೋಡೆಗಳಿಗೆ ಬಡಿದು, ಬಾಗಿಲು ದಾಟಿ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ತುಂಬಿಕೊಂಡಿತ್ತು. ಎರಡು ವರ್ಷದಿಂದ ಒಂದೇ ಸೂರಿನಡಿ ಅವಳು ಹಾಡುತ್ತಿದ್ದರೂ ಅವರು ಈ ದನಿಯನ್ನು ಕೇಳಿರಲಿಲ್ಲ. ಕೇಳದಂತೆ ಮಾಡಿದವರು ಅವರೇ. ಅದು ಹೊಳೆದಾಗ ಅವರಿಗೆ ನಾಚಿಕೆಯಾಯಿತು. ಆ ನಾಚಿಕೆಗಿಂತ ದೊಡ್ಡ ಸಂತೋಷವೂ ಆಯಿತು. ಮನಸ್ಸಿನಲ್ಲೇ ವಾರ್ಡನ್ನಿಗೆ ಕೈಮುಗಿದರು, ಒಂದು ದಿನ ಮುಂಚೆ ಬಂದ ಹಾಸ್ಟೆಲಿನ ಆ ಪುಣ್ಯಾತ್ಗಿತ್ತಿ ಹುಡುಗಿಯರಿಗೂ ಕೈಮುಗಿದರು.

ಹಾಡು ಮುಗಿದ ಮೇಲೆ ಅವರು ಗೋದಾಮಿಗೆ ಓಡಿದಾಗ, ಕಂಪನಿಯವರು ಎದ್ದು ನಿಂತು ಗೋಡೆಗಳನ್ನು ನೋಡುತ್ತಿದ್ದರು.

“ಈ ದನಿ ನೀವು ಕಳಿಸಿದ ಟೇಪಲ್ಲಿ ಎಲ್ಲಿ ಹೋಗಿತ್ತಮ್ಮಾ? ಇರಲಿ, ಮುಂದಿನ ವಾರ ನಾಲ್ಕೂ ಜನ ರೆಕಾರ್ಡಿಂಗಿಗೆ ಬನ್ನಿ. ಎಲ್ಲೆಲ್ಲೋ ನೋಡಿದೀನಿ, ಹುಡುಗರು ಕೋಣೆ ತುಂಬಾ ಹಾಸಿಗೆ, ಕಂಬಳಿ ತುರುಕಿ ದನೀನ ಉಸಿರುಗಟ್ಟಿಸಿಬಿಟ್ಟಿರ್ತಾರೆ. ಈ ಕೋಣೆ ಹೀಗೇ ಇರಲಿ ಅಂದ ಬುದ್ಧಿವಂತರು ಯಾರು?”

ಏಣಿ ಕೆಮ್ಮಿದ. ಗುಡುಗು ಸೂರು ನೋಡಿದ. ಯಜಮಾನರು ಹೊಸಿಲಿನಾಚೆಗೆ ಒಂದು ಕಾಲು ಇಟ್ಟರು.

“ನಮ್ಮಪ್ಪ,” ಎಂದಳು ಮಗಳು. “ಎರಡು ವರ್ಷ ಇಲ್ಲೂ ಹಾಸಿಗೆನೇ ಕಟ್ಟಿದ್ರು ಸಾರ್. ಎಷ್ಟು ಕಿರುಚಿದ್ರೂ ನನ್ನ ದನಿ ನನಗೇ ಕೇಳ್ತಿರ್ಲಿಲ್ಲ. ಅದಕ್ಕೇ ನನ್ನ ಗಂಟಲು ಹೀಗೆ ಬೆಳೀತು. ಇವತ್ತು ಅವರೇ ಎಲ್ಲಾ ಬಿಚ್ಚಿಬಿಟ್ರು.”

ಕಂಪನಿಯವರು ತಿರುಗಿ ಯಜಮಾನರ ಎರಡೂ ಕೈ ಹಿಡಿದುಕೊಂಡರು. “ಗಂಟಲು ಪಳಗಿಸೋಕೆ ಎಂಥಾ ಕ್ರಮ ಸ್ವಾಮಿ! ಇದನ್ನ ಎಲ್ಲಿ ಕಲಿತ್ರಿ?”

ಯಜಮಾನರು ಏನೋ ಗಂಭೀರವಾದದ್ದನ್ನು ಹೇಳಲು ಎದೆ ಉಬ್ಬಿಸಿದರು. ಮಗಳು ಅವರನ್ನೇ ನೋಡಿ ನಗುತ್ತಿದ್ದಳು. ಅವಳ ಮುಖದಲ್ಲಿ ಗೇಲಿ ಇರಲಿಲ್ಲ. ಯಜಮಾನರ ಕಣ್ಣು ತುಂಬಿಬಂತು. ಅವಸರದಲ್ಲಿ ಮುಖ ಆಚೆ ತಿರುಗಿಸಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡರು.

“ಏನಿಲ್ಲ, ಹತ್ತಿ ಧೂಳು,” ಎಂದರು. “ಹಾಸಿಗೆಯವರ ಕಣ್ಣು ನೋಡಿ, ಹತ್ತಿ ಹಾರಿ ಬಿದ್ದುಬಿಡುತ್ತೆ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನ ತುದಿಯಲ್ಲಿ ತಮ್ಮ ಮೂಗು ಒರೆಸಿಕೊಂಡು, “ಹತ್ತಿಯೆಲ್ಲಾ ಹಾಸ್ಟೆಲಿಗೆ ಹೋಯ್ತಲ್ರೀ,” ಎಂದರು.